ಕೋಳಿಗೂಡು, ಮನೆಮದ್ದು ಮತ್ತು ಒಬ್ಬ ಮೇಷ್ಟರ ತಪ್ಪು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ಕೆಲಸ ಬಿಟ್ಟು ಊರಿಗೆ ಮರಳಿ, ತಂದೆಯ ಎರಡು ಎಕರೆ ಜಮೀನಿನಲ್ಲಿ ಮನೆ ಕಟ್ಟಿಕೊಳ್ಳುತ್ತಿದ್ದಾನಂತೆ. ಹಿತ್ತಲಿನಲ್ಲಿ ಇಪ್ಪತ್ತು ನಾಟಿ ಕೋಳಿಗಳನ್ನು ಸಾಕುವ ಆಸೆ ಅವನಿಗೆ. "ಸಾರ್, ಒಂದೇ ಒಂದು ಇಂಗ್ಲಿಷ್ ಔಷಧಿಯನ್ನೂ ಅವುಗಳಿಗೆ ಮುಟ್ಟಿಸಬಾರದು ಅಂತ ತೀರ್ಮಾನ ಮಾಡಿದ್ದೀನಿ. ಎಲ್ಲಾ ಮನೆಮದ್ದೇ. ನಿಮ್ಮ ತಾಯಿಯವರು ಕೋಳಿ ಸಾಕುತ್ತಿದ್ದ ಬಗೆ ಪಾಠದ ನಡುವೆ ಹೇಳುತ್ತಿದ್ದಿರಲ್ಲ, ಅದನ್ನೆಲ್ಲ ಬರೆದು ಕಳಿಸಿ" ಎಂದ. ಮೂವತ್ತು ವರ್ಷಗಳ ಹಿಂದಿನ ಮಾತನ್ನು ನೆನಪಿಟ್ಟುಕೊಂಡಿರುವನಲ್ಲಾ ಎಂದು ನನಗೆ ಹಿಗ್ಗಾಯಿತು. ಆಗಲಿ ಎಂದೆ.

ಆ ರಾತ್ರಿಯೇ ಬರೆಯಲು ಕುಳಿತೆ. ಅರ್ಧ ಪುಟ ಸರಾಗವಾಗಿ ಬಂತು. ಅಲ್ಲಿಗೆ ಲೇಖನಿ ನಿಂತಿತು. ಏಕೆಂದರೆ ಇದೇ ತೀರ್ಮಾನವನ್ನು ನಾನೂ ಒಮ್ಮೆ ಮಾಡಿದ್ದೆ. ಅದರ ಫಲವನ್ನು ನಾನೊಬ್ಬನೇ ಉಂಡಿದ್ದರೆ ಚಿಂತೆಯಿರಲಿಲ್ಲ, ಇನ್ನೊಬ್ಬರಿಗೂ ಉಣಿಸಿದೆ. ಆ ಸಂಗತಿಯನ್ನು ಮರೆಮಾಚಿ ಅಮ್ಮನ ಮದ್ದುಗಳನ್ನು ಮಾತ್ರ ಬರೆದು ಕಳಿಸಿದರೆ ಅದು ಅವನಿಗೆ ಮಾಡುವ ಮೋಸವಾದೀತು. ಆದುದರಿಂದ ಅವನಿಗೆ ಬರೆಯಬೇಕಾದುದನ್ನು ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಹಲವರು ಈಚೆಗೆ ಹಳ್ಳಿಯ ಕಡೆ ಮುಖ ಮಾಡಿರುವುದನ್ನು ನಾನು ಬಲ್ಲೆ.

ಮೊದಲು ಅಮ್ಮನ ವಿಷಯ. ನಮ್ಮದು ಹಾಸನ ಜಿಲ್ಲೆಯ ಮಲೆನಾಡಿನ ಅಂಚಿನ ಊರು. ಮನೆಯಲ್ಲಿ ಹತ್ತು ಹದಿನೈದು ಕೋಳಿಗಳು ಸದಾ ಇರುತ್ತಿದ್ದವು. ಗಂಡಸರ ಲೆಕ್ಕಕ್ಕೆ ಬಾರದ ಆದಾಯವೆಂದರೆ ಅದೊಂದೇ. ಮೊಟ್ಟೆ ಮಾರಿದ ಕಾಸು ಅಮ್ಮನ ಸೆರಗಿನ ಗಂಟಿನಲ್ಲಿಯೇ ಉಳಿಯುತ್ತಿತ್ತು. ನನ್ನ ಮೊದಲ ಕಂಪಾಸು ಪೆಟ್ಟಿಗೆ ಬಂದದ್ದು ಆ ಗಂಟಿನಿಂದ. ಕಾವಿಗೆ ಬಂದ ಹೇಂಟೆಯನ್ನು ಕೂರಿಸುವ ದಿನ ಅಮ್ಮ ಬುಟ್ಟಿಯ ತಳಕ್ಕೆ ಜರಡಿ ಹಿಡಿದ ಒಲೆಬೂದಿ ಹಾಕಿ, ಅದರ ಮೇಲೆ ಒಣಹುಲ್ಲು ಹಾಸಿ, ನಡುವೆ ಒಂದಿಷ್ಟು ಲಕ್ಕಿಸೊಪ್ಪನ್ನೂ ಬೇವಿನ ಸೊಪ್ಪನ್ನೂ ಇಡುತ್ತಿದ್ದಳು. ಹತ್ತೋ ಹನ್ನೆರಡೋ ಮೊಟ್ಟೆ. ಕೊನೆಗೆ, ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಒಂದು ಕಬ್ಬಿಣದ ಚೂರು. ಇಪ್ಪತ್ತೊಂದು ದಿನಕ್ಕೆ ಮರಿಗಳು ಹೊರಬಿದ್ದ ಮೇಲೆ ಗೆದ್ದಲು ಹಿಡಿಸಿದ ಮಡಕೆಯನ್ನು ಅವುಗಳ ಮುಂದೆ ಕವುಚುತ್ತಿದ್ದಳು. ಸಗಣಿ, ಹುಲ್ಲು ತುಂಬಿ ತೇವ ಮಾಡಿ ಬೇಲಿಯ ಬುಡದಲ್ಲಿ ಬೋರಲು ಹಾಕಿಟ್ಟ ಮಡಕೆಗೆ ಕೆಲವೇ ದಿನಗಳಲ್ಲಿ ಗೆದ್ದಲು ತುಂಬಿರುತ್ತಿತ್ತು. ಮರಿಗಳಿಗೆ ಅದಕ್ಕಿಂತ ಒಳ್ಳೆಯ ಆಹಾರವನ್ನು ಯಾವ ಕಂಪನಿಯ ಚೀಲದಲ್ಲಿಯೂ ನಾನು ಕಂಡಿಲ್ಲ.

ಮುಂದೆ ವಿಜ್ಞಾನದ ಮೇಷ್ಟರಾದ ಮೇಲೆ ಈ ಬುಟ್ಟಿಯನ್ನು ನಾನು ಅನೇಕ ಬಾರಿ ಮನಸ್ಸಿನಲ್ಲಿಯೇ ಬಿಚ್ಚಿ ನೋಡಿದ್ದೇನೆ. ಬೂದಿ ಇಟ್ಟದ್ದು ಸರಿ. ಕೋಳಿಯ ಹೇನಿನಂತಹ ಸಣ್ಣ ಹುಳುಗಳ ಮೈಮೇಲಿನ ಮೇಣದ ಪದರವನ್ನು ನುಣುಪಾದ ಪುಡಿ ಕೆಡಿಸುತ್ತದೆ; ಅವು ಒಣಗಿ ಸಾಯುತ್ತವೆ. ಕೋಳಿಗಳು ತಾವಾಗಿಯೇ ಮಣ್ಣಿನಲ್ಲಿ ಹೊರಳಾಡುವುದೂ ಇದಕ್ಕಾಗಿಯೇ. ಬೇವು ಇಟ್ಟದ್ದೂ ಸರಿ. ಕೀಟಗಳ ಬೆಳವಣಿಗೆಯನ್ನು ತಡೆಯುವ ಗುಣ ಅದಕ್ಕಿದೆ. ಆದರೆ ಆ ಕಬ್ಬಿಣದ ಚೂರು? ಗುಡುಗಿಗೂ ಮೊಟ್ಟೆಗೂ ಅದು ಏನನ್ನೂ ಮಾಡದು. ಒಂದು ವರ್ಷ ಮರೆತು ಇಡದೇ ಹೋದಾಗಲೂ ಮರಿಗಳಾದವು. ಬೂದಿ, ಬೇವು, ಕಬ್ಬಿಣ ಈ ಮೂರನ್ನೂ ಇಟ್ಟದ್ದು ಒಂದೇ ಕೈ, ಒಂದೇ ನಂಬಿಕೆ, ಒಂದೇ ಪ್ರೀತಿ. ಹಿರಿಯರಿಂದ ಬಂದ ತಿಳಿವಳಿಕೆ ಹೀಗೆ ಒಂದೇ ಬುಟ್ಟಿಯಲ್ಲಿ ಬರುತ್ತದೆ. ಇಡೀ ಬುಟ್ಟಿಯನ್ನು ತಿಪ್ಪೆಗೆ ಎಸೆಯುವವನೂ ಅವಿವೇಕಿ, ಇಡೀ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಮೆರೆಸುವವನೂ ಅವಿವೇಕಿ. ಒಂದೊಂದನ್ನೂ ಕೈಯಲ್ಲಿ ಹಿಡಿದು, ಇದು ಏಕೆ, ಇದರಿಂದ ಏನಾಗುತ್ತದೆ ಎಂದು ಕೇಳಬೇಕು.

ಹಾಗೆ ಕೇಳಿದಾಗ ಮನೆಮದ್ದುಗಳಿಗೆ ಒಳ್ಳೆಯ ಸ್ಥಾನವೇ ದೊರೆಯುತ್ತದೆ. ಗೂಡಿನ ಗೋಡೆಗೂ ಅಡ್ಡಕೋಲುಗಳಿಗೂ ವರ್ಷಕ್ಕೆರಡು ಬಾರಿ ಸುಣ್ಣ ಬಳಿದರೆ ಸಂದಿಗಳಲ್ಲಿ ಅಡಗಿ ರಾತ್ರಿ ರಕ್ತ ಹೀರುವ ಹುಳುಗಳು ಕಡಿಮೆಯಾಗುತ್ತವೆ. ಕಾಳಗದಲ್ಲಿ ಗಾಯಗೊಂಡ ಹುಂಜನಿಗೆ ಅರಿಸಿನ ಮತ್ತು ಬೇವಿನ ಎಣ್ಣೆ ಸಾಕು. ನುಗ್ಗೆಸೊಪ್ಪು ಒಳ್ಳೆಯ ಮೇವು. ಪುಡಿ ಮಾಡಿದ ಮೊಟ್ಟೆಯ ಚಿಪ್ಪಿನಿಂದ ಮೊಟ್ಟೆಯಿಡುವ ಹೇಂಟೆಗೆ ಸುಣ್ಣದ ಅಂಶ ಸಿಗುತ್ತದೆ. ರಕ್ತಭೇದಿಯೆಂಬ ಮರಿಗಳ ರೋಗವಿದೆಯಲ್ಲ, ಅದನ್ನು ತರುವ ಸೂಕ್ಷ್ಮಜೀವಿ ಕೋಳಿಯ ಹಿಕ್ಕೆಯೊಡನೆ ಹೊರಬಿದ್ದು, ತೇವವೂ ಬೆಚ್ಚಗಿನ ಹವೆಯೂ ಸಿಕ್ಕರೆ ಒಂದೆರಡು ದಿನಗಳಲ್ಲಿ ಇನ್ನೊಂದು ಮರಿಗೆ ಅಂಟುವಷ್ಟು ಬಲಿಯುತ್ತದೆ. ಒಣನೆಲದಲ್ಲಿ ಅದು ಬಲಿಯಲಾರದು. ದಿನವೂ ಗೂಡು ಗುಡಿಸಿ, ಒದ್ದೆಯಾದ ಹುಲ್ಲು ಬದಲಿಸಿ, ಬಿಸಿಲು ಬೀಳುವಂತೆ ಮಾಡುವವನ ಮನೆಯಲ್ಲಿ ಆ ರೋಗದ ಔಷಧಿ ಬಹಳ ಬೇಕಾಗುವುದಿಲ್ಲ. ಕಸಪೊರಕೆಯೇ ಅತ್ಯುತ್ತಮ ಮನೆಮದ್ದು ಎಂದು ನಾನು ಹೇಳುವುದುಂಟು.

ಆದರೆ ಮನೆಮದ್ದು ಎಂದ ಮಾತ್ರಕ್ಕೆ ಅದು ಸೌಮ್ಯವೆಂದು ತಿಳಿಯಬೇಡಿ. ನಮ್ಮ ಕಡೆ ಜಂತುಹುಳುವಿಗೆ ಅಡಿಕೆ ಅರೆದು ತಿನ್ನಿಸುವ ಪದ್ಧತಿಯಿದೆ. ಅದು ಮೂಢನಂಬಿಕೆಯಲ್ಲ, ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸತ್ತ್ವ ಲಾಡಿಹುಳುವನ್ನು ನಿಶ್ಚೇಷ್ಟಗೊಳಿಸುತ್ತದೆ. ಹಿಂದೆ ನಾಯಿಗಳ ಲಾಡಿಹುಳುವಿಗೆ ಪಶುವೈದ್ಯರೂ ಅದನ್ನೇ ಬಳಸುತ್ತಿದ್ದರು. ಆದರೆ ಪ್ರಮಾಣ ಮೀರಿದರೆ ಅದೇ ವಿಷ. ಒಂದು ಅಡಿಕೆಯಲ್ಲಿ ಸತ್ತ್ವ ಎಷ್ಟಿದೆ, ಇನ್ನೊಂದರಲ್ಲಿ ಎಷ್ಟಿದೆ ಎಂಬುದನ್ನು ನಮ್ಮ ಕುಟ್ಟಾಣಿ ಹೇಳುವುದಿಲ್ಲ. ಕೆಲಸ ಮಾಡುವ ಮದ್ದು ಅಡುಗೆಮನೆಯದಾಗಲಿ ಅಂಗಡಿಯದಾಗಲಿ, ಅದಕ್ಕೊಂದು ಅಳತೆ ಇರಲೇಬೇಕು. ಅಳತೆಯೇ ಬೇಡದ ಮದ್ದು ಸಾಮಾನ್ಯವಾಗಿ ಏನನ್ನೂ ಮಾಡದ ಮದ್ದು.

ಇನ್ನೊಂದು ಎಚ್ಚರವನ್ನೂ ಹೇಳಬೇಕು. ಕೋಳಿಗಳಿಗೆ ಸಿಡುಬು ಬರುತ್ತದೆ. ಜುಟ್ಟಿನ ಮೇಲೆ, ಕಣ್ಣಿನ ಸುತ್ತ ಗುಳ್ಳೆಗಳೇಳುತ್ತವೆ. ನಾವು ಅರಿಸಿನ, ಬೇವು, ಬೆಣ್ಣೆ ಕಲಸಿ ಹಚ್ಚುತ್ತೇವೆ. ಮೂರು ನಾಲ್ಕು ವಾರಗಳಲ್ಲಿ ಗುಳ್ಳೆ ಉದುರಿ ಕೋಳಿ ಗೆಲುವಾಗುತ್ತದೆ. ಗುಣವಾದದ್ದು ಅರಿಸಿನದಿಂದಲೇ? ಅರಿಸಿನದಿಂದ ಗಾಯ ಕೀವಾಗದಂತೆ ಸ್ವಲ್ಪ ಸಹಾಯವಾಗಿರಬಹುದು. ಆದರೆ ಬಾಯಿ, ಗಂಟಲಿಗೆ ಇಳಿಯದ ಸಿಡುಬು ಸಾಮಾನ್ಯವಾಗಿ ಅಷ್ಟು ದಿನಗಳಲ್ಲಿ ತಾನಾಗಿಯೇ ವಾಸಿಯಾಗುವಂಥದ್ದು. ತಾನಾಗಿ ಗುಣವಾಗುವ ರೋಗದ ಕೀರ್ತಿಯನ್ನು ನಾವು ಮದ್ದಿಗೆ ಕಟ್ಟುತ್ತೇವೆ. ಆಮೇಲೆ ಆ ಕೀರ್ತಿಯ ಬಲದಿಂದ, ತಾನಾಗಿ ಗುಣವಾಗದ ರೋಗಕ್ಕೂ ಅದೇ ಮದ್ದನ್ನು ಹಿಡಿದು ಹೊರಡುತ್ತೇವೆ. ನಾನು ಬಿದ್ದದ್ದು ಈ ಹಳ್ಳದಲ್ಲಿಯೇ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಿವೃತ್ತನಾದ ಮೇಲೆ ನಾನೂ ಕೋಳಿ ಸಾಕತೊಡಗಿದೆ. ೨೦೧೪ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ದೆಹಲಿ ಮತ್ತು ಸುತ್ತಲಿನ ಪ್ರದೇಶದಿಂದ ತಂದ ೭೦ ಕೋಳಿಮಾಂಸದ ಮಾದರಿಗಳನ್ನು ಪರೀಕ್ಷಿಸಿತು. ಶೇಕಡಾ ೪೦ರಷ್ಟರಲ್ಲಿ ಪ್ರತಿಜೀವಕ ಔಷಧಗಳ, ಎಂದರೆ ಆಂಟಿಬಯಾಟಿಕ್‌ಗಳ, ಶೇಷ ಸಿಕ್ಕಿತು. ಆ ವರದಿಯನ್ನು ಓದಿ ನಾನು ಕಳವಳಗೊಂಡೆ. ಆ ಕಳವಳ ತಪ್ಪಾಗಿರಲಿಲ್ಲ. ರೋಗವಿಲ್ಲದ ಕೋಳಿಗೆ ಬೇಗ ತೂಕ ಬರಲೆಂದು ಆಂಟಿಬಯಾಟಿಕ್ ತಿನ್ನಿಸುವುದನ್ನು ಐರೋಪ್ಯ ಒಕ್ಕೂಟವು ೨೦೦೬ರಲ್ಲಿಯೇ ನಿಷೇಧಿಸಿತ್ತು. ಮನುಷ್ಯರ ಪ್ರಾಣ ಉಳಿಸಲು ಕೊನೆಯ ಅಸ್ತ್ರವಾಗಿ ಬಳಸುವ ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದೆಂದು ನಮ್ಮ ಕೇಂದ್ರ ಸರ್ಕಾರವು ೨೦೧೯ರಲ್ಲಿ ಆದೇಶಿಸಿತು. ಅರೆಬರೆ ಪ್ರಮಾಣದ ಔಷಧ ಸೂಕ್ಷ್ಮಜೀವಿಗಳಿಗೆ ಪಾಠ ಕಲಿಸಿ ಬಲಿಷ್ಠಗೊಳಿಸುತ್ತದೆಂದು ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ ೧೯೪೫ರ ತಮ್ಮ ನೊಬೆಲ್ ಉಪನ್ಯಾಸದಲ್ಲಿಯೇ ಎಚ್ಚರಿಸಿದ್ದರು. ಕೋಳಿ ತೂಕಡಿಸಿದರೆ ಸಾಕು, ಅಂಗಡಿಯಿಂದ ಹಳದಿ ಪುಡಿಯ ಪೊಟ್ಟಣ ತಂದು ನೀರಿಗೆ ಕಲಸುವ ಪದ್ಧತಿ ನಮ್ಮ ಹಳ್ಳಿಗಳಿಗೂ ಬಂದಿದೆ. ಅದನ್ನು ನಾನು ಇಂದಿಗೂ ವಿರೋಧಿಸುತ್ತೇನೆ.

ನನ್ನ ತಪ್ಪು ಎಲ್ಲಿ ಎಂದರೆ, ಆ ಹಳದಿ ಪುಡಿಯನ್ನೂ ಲಸಿಕೆಯನ್ನೂ 'ಇಂಗ್ಲಿಷ್ ಔಷಧಿ' ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಿದ್ದು. ೨೦೧೬ರಲ್ಲಿ, ಶಿವರಾತ್ರಿಗೆ ಮುಂಚೆ, ಪಶು ಆಸ್ಪತ್ರೆಯವರು ಕೋಳಿಗಳಿಗೆ ಲಸಿಕೆ ಹಾಕಲು ನಮ್ಮ ಬೀದಿಗೆ ಬಂದರು. ನಾನು ಜಗುಲಿಯ ಮೇಲೆ ನಿಂತು, "ನಮ್ಮವು ಬೂದಿ ಬೇವಿನಲ್ಲಿ ಬೆಳೆದ ಕೋಳಿಗಳು, ಅವಕ್ಕೆ ಸೂಜಿ ಬೇಡ" ಎಂದೆ. ಕೆಳಮನೆಯ ಅಕ್ಕ ಕೋಳಿಗಳನ್ನು ಮಂಕರಿಯ ಕೆಳಗೆ ಕವುಚಿಟ್ಟುಕೊಂಡು ಕಾಯುತ್ತಿದ್ದರು. ಗಂಡನಿಲ್ಲದ, ಅರೆ ಎಕರೆ ಹೊಲದ ಹೆಂಗಸು. ನನ್ನತ್ತ ನೋಡಿ, "ಹಾಕುಸ್ಬೇಕಾ ಮೇಷ್ಟ್ರೇ?" ಎಂದು ಕೇಳಿದರು. "ಬೇಡ ಬಿಡಿ ಅಕ್ಕ, ನಮ್ಮಮ್ಮ ಯಾವತ್ತು ಹಾಕಿಸಿದ್ದರು?" ಎಂದೆ. ಅವರು ಮಂಕರಿ ಎತ್ತಿ ಕೋಳಿಗಳನ್ನು ಬಿಟ್ಟುಬಿಟ್ಟರು. ಬೀದಿಯಲ್ಲಿ ಇನ್ನೂ ನಾಲ್ಕು ಮನೆಯವರು ಹಾಗೆಯೇ ಮಾಡಿದರು. ಮೇಷ್ಟರು ಬೇಡವೆಂದ ಮೇಲೆ ಮುಗಿಯಿತಲ್ಲ.

ಯುಗಾದಿಗೆ ಎರಡು ವಾರವಿರುವಾಗ ಕೊಕ್ಕರೆ ರೋಗ ಬಂತು. ಮೊದಲ ದಿನ ಒಂದು ಯಾಟೆ ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ನಿಂತಿತು. ಮರುದಿನ ಹಸಿರು ಬಿಳುಪಿನ ಭೇದಿ, ಕೊಕ್ಕು ತೆರೆದು ಏದುಸಿರು. ಮೂರನೆಯ ದಿನ ಕತ್ತು ತಿರುಚಿಕೊಂಡು, ಕಾಲೆಳೆದುಕೊಂಡು ಬೀಳತೊಡಗಿದವು. ನಾನು ಬೆಳ್ಳುಳ್ಳಿ, ಕಾಳುಮೆಣಸು, ಅರಿಸಿನ, ನೆಲನೆಲ್ಲಿ ಅರೆದು ಉಂಡೆ ಮಾಡಿ ಹಗಲಿರುಳು ಒಂದೊಂದರ ಬಾಯಿಗೂ ಹಾಕಿದೆ. ನನ್ನ ಇಪ್ಪತ್ತನಾಲ್ಕು ಕೋಳಿಗಳಲ್ಲಿ ಒಂದೇ ಒಂದು ಹೇಂಟೆ, ಅದೂ ಸೊಟ್ಟಗತ್ತಿನದು, ಉಳಿಯಿತು. ಕಾಳಿಗೆಂದು ಕೊಕ್ಕು ಚಾಚಿದರೆ ಅದರ ತಲೆ ಇನ್ನೆಲ್ಲೋ ಹೋಗುತ್ತಿತ್ತು, ಕೈಯಾರೆ ತಿನ್ನಿಸಬೇಕಾಗಿತ್ತು. ಅದು ಬದುಕಿದ್ದನ್ನು ಕಂಡು, "ನಿಮ್ಮ ಉಂಡೆಯ ಮಹಿಮೆ" ಎಂದವರೂ ಇದ್ದರು. ಸತ್ತ ಇಪ್ಪತ್ತಮೂರೂ ಅದೇ ಉಂಡೆಯನ್ನು ತಿಂದಿದ್ದವು.

ಕೆಳಮನೆಯ ಅಕ್ಕನ ಹದಿನೇಳು ಕೋಳಿಗಳೂ ಹೋದವು. ಅವುಗಳಲ್ಲಿ ಆರು ಹುಂಜಗಳನ್ನು ಅವರು ಹೊಸತೊಡಕಿಗೆಂದೇ ಬೆಳೆಸಿದ್ದರು. ನಮ್ಮ ಕಡೆ ಯುಗಾದಿಯ ಮರುದಿನ ನಾಟಿ ಹುಂಜಕ್ಕೆ ಎಂತಹ ಬೆಲೆಯೆಂಬುದು ನಿಮಗೆ ಗೊತ್ತೇ ಇದೆ. ಆ ಹಣದಿಂದ ಮೊಮ್ಮಗಳನ್ನು ಪಟ್ಟಣದ ಕಾಲೇಜಿಗೆ ಸೇರಿಸಬೇಕೆಂದಿದ್ದರು. ನಾನೂ ಅವರೂ ಸೇರಿ ಹಿತ್ತಲಿನಲ್ಲಿ ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಎಲ್ಲವನ್ನೂ ಹೂತೆವು. ಅವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕಾಲೇಜಿನ ಶುಲ್ಕವನ್ನು ನಾನು ಕಟ್ಟಿದೆ; ಅದು ಹೇಳಿಕೊಳ್ಳುವ ಸಂಗತಿಯಲ್ಲ, ತೀರಿಸಬೇಕಾದ ಸಾಲ.

ಲಸಿಕೆ ಹಾಕಿಸಿದ್ದ ಮನೆಗಳಲ್ಲಿ ಒಂದೆರಡು ಎಳೆಯ ಮರಿಗಳು ಹೋದುವೇ ಹೊರತು ಹಿಂಡು ಉಳಿಯಿತು. ಅದೇ ಬೀದಿ, ಅದೇ ಗಾಳಿ, ಅದೇ ತಿಪ್ಪೆ. ತರಗತಿಯಲ್ಲಿ ಇದಕ್ಕಿಂತ ಸ್ಪಷ್ಟವಾದ ಪ್ರಯೋಗವನ್ನು ನಾನು ಎಂದೂ ಮಾಡಿ ತೋರಿಸಿರಲಿಲ್ಲ.

ಈ ರೋಗದ ಚರಿತ್ರೆಯನ್ನು ಆಮೇಲೆ ಓದಿಕೊಂಡೆ. ೧೯೨೬ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಬಳಿಯೂ ಇದು ಕಾಣಿಸಿಕೊಂಡಿತು. ಜಗತ್ತು ಇದನ್ನು ನ್ಯೂಕ್ಯಾಸಲ್ ರೋಗವೆಂದೇ ಕರೆಯುತ್ತದೆ. ನಮ್ಮ ದೇಶದಲ್ಲಿ ಅದೇ ದಶಕದ ಕೊನೆಗೆ ಕುಮಾವೂಂ ಬೆಟ್ಟಗಳ ರಾಣಿಖೇತದಲ್ಲಿ ಗುರುತಿಸಲ್ಪಟ್ಟು ರಾಣಿಖೇತ್ ರೋಗವಾಯಿತು. ನಾವು ಕನ್ನಡದಲ್ಲಿ ಕೊಕ್ಕರೆ ರೋಗವೆಂದೆವು. ಇದು ವೈರಾಣುವಿನಿಂದ ಬರುವ ರೋಗ. ಒಮ್ಮೆ ಹಿಡಿದ ಮೇಲೆ ಇದನ್ನು ಗುಣಪಡಿಸುವ ಮದ್ದು ಪಶುವೈದ್ಯರಲ್ಲಿಯೂ ಇಲ್ಲ, ನಾಟಿ ವೈದ್ಯರಲ್ಲಿಯೂ ಇಲ್ಲ. ಹಳದಿ ಪುಡಿಯೂ ಇಲ್ಲಿ ವ್ಯರ್ಥ. ಆಂಟಿಬಯಾಟಿಕ್ ವೈರಾಣುವನ್ನು ಕೊಲ್ಲಲಾರದು. ಉಳಿದಿರುವ ದಾರಿ ಒಂದೇ, ಮುಂಚಿತವಾಗಿ ತಡೆಯುವುದು. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಚುಚ್ಚುಮದ್ದಿನ ಲಸಿಕೆ ಸಿದ್ಧವಾದದ್ದು ೧೯೪೦ರ ದಶಕದಲ್ಲಿ, ಅದೇ ಕುಮಾವೂಂ ಬೆಟ್ಟಗಳ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ. ರೋಗದ ವೈರಾಣುವನ್ನು ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ ಮತ್ತೆ ಮತ್ತೆ ಬೆಳೆಸಿ, ಅದರ ಉಗ್ರತೆಯನ್ನು ಇಳಿಸಿ ಅದನ್ನು ತಯಾರಿಸಿದರು.

ಇದನ್ನು ಓದುವಾಗ ನಾಚಿಕೆಯಾದದ್ದು ಬೇರೊಂದು ಕಾರಣಕ್ಕೆ. ಲೂಯಿ ಪಾಶ್ಚರ್ ಅವರ ಪಾಠವನ್ನು ನಾನು ಎಷ್ಟೋ ವರ್ಷ ಮಾಡಿದ್ದೇನೆ. ೧೮೭೯–೮೦ರಲ್ಲಿ ಅವರು ರೋಗಾಣುವನ್ನು ಪ್ರಯೋಗಶಾಲೆಯಲ್ಲಿ ದುರ್ಬಲಗೊಳಿಸಿ ಮೊತ್ತಮೊದಲ ಲಸಿಕೆಯನ್ನು ರೂಪಿಸಿದ್ದು ಯಾವ ರೋಗಕ್ಕೆ? ಕೋಳಿ ಕಾಲರಾಕ್ಕೆ. ಹುಚ್ಚುನಾಯಿ ಕಡಿತದ ಲಸಿಕೆ ಬಂದದ್ದು ಅದಾದ ಐದಾರು ವರ್ಷಗಳ ನಂತರ. ಮಕ್ಕಳೇ, ಈ ವಾಕ್ಯವನ್ನು ನಾನು ಕರಿಹಲಗೆಯ ಮೇಲೆ ಬರೆಸಿದ್ದೇನೆ, ಪರೀಕ್ಷೆಯಲ್ಲಿ ಅಂಕ ಕೊಟ್ಟಿದ್ದೇನೆ. ನನ್ನ ಹಿತ್ತಲಿಗೆ ಅದು ಬಂದಾಗ ಜಗುಲಿಯಿಂದಲೇ ಹಿಂದಕ್ಕೆ ಕಳಿಸಿದೆ.

ಲಸಿಕೆ ನಿಸರ್ಗಕ್ಕೆ ವಿರುದ್ಧವೆಂಬ ಮಾತನ್ನು ಆಗಾಗ ಕೇಳುತ್ತೇನೆ. ಯೋಚಿಸಿ ನೋಡಿ. ಆಂಟಿಬಯಾಟಿಕ್ ಹೊರಗಿನಿಂದ ಬಂದು ರೋಗಾಣುವಿನೊಡನೆ ತಾನೇ ಹೋರಾಡುತ್ತದೆ. ಲಸಿಕೆ ಹೋರಾಡುವುದಿಲ್ಲ, ಮೆತ್ತಗಾದ ಶತ್ರುವನ್ನು ಕೋಳಿಯ ಮೈಗೆ ಪರಿಚಯಿಸಿ ಸುಮ್ಮನಾಗುತ್ತದೆ. ಮುಂದಿನ ಕೆಲಸವೆಲ್ಲ ಕೋಳಿಯ ರಕ್ತದ್ದೇ. ಮೊಟ್ಟೆಯಲ್ಲಿ ಬೆಳೆದದ್ದು, ಕೋಳಿಯ ಸ್ವಂತ ಶಕ್ತಿಯನ್ನೇ ಎಬ್ಬಿಸುವಂಥದ್ದು. ದೇಹಬಲವೇ ಮದ್ದು ಎಂದು ನಂಬುವವನು ಮೊದಲು ಒಪ್ಪಿಕೊಳ್ಳಬೇಕಾದದ್ದು ಇದನ್ನೇ ಎಂದು ಈಗ ನನಗೆ ತೋರುತ್ತದೆ.

"ಹಿಂದಿನವರು ಲಸಿಕೆ ಹಾಕಿಸಿದ್ದರೇ?" ಎಂಬ ನನ್ನ ಪ್ರಶ್ನೆಗೂ ಉತ್ತರ ಸಿಕ್ಕಿತು. ಉತ್ತರ ನನ್ನ ನೆನಪಿನಲ್ಲಿಯೇ ಇತ್ತು. ನಾನು ಅದನ್ನು ಕೆದಕಿರಲಿಲ್ಲ. ಕೆಲವು ವರ್ಷಗಳಿಗೊಮ್ಮೆ ನಮ್ಮ ಗೂಡು ಖಾಲಿಯಾಗುತ್ತಿತ್ತು. "ಕೋಳಿಗೆ ಬೇನೆ ಬಂತು" ಎನ್ನುತ್ತಿದ್ದರು, ಮಾರಮ್ಮನಿಗೆ ಹರಕೆ ಹೊರುತ್ತಿದ್ದರು. ಆಮೇಲೆ ಅಮ್ಮ ತವರಿನಿಂದ ಒಂದು ಹೇಂಟೆಯನ್ನು ಪಾಲಿಗೆ ತಂದು, ಹುಟ್ಟಿದ ಮರಿಗಳಲ್ಲಿ ಅರ್ಧವನ್ನು ಹಿಂದಿರುಗಿಸಿ, ಮೊದಲಿನಿಂದ ಶುರು ಮಾಡುತ್ತಿದ್ದಳು. ಕಂಪಾಸು ಪೆಟ್ಟಿಗೆ ಬಂದ ವರ್ಷ ನನಗೆ ನೆನಪಿದೆ. ಗೂಡು ಖಾಲಿಯಾಗಿದ್ದರಿಂದ ಅಕ್ಕನಿಗೆ ಲಂಗ ಬಾರದೇ ಹೋದ ವರ್ಷವನ್ನು ಅಕ್ಕನೇ ನೆನಪಿಸಬೇಕಾಯಿತು. ಅಮ್ಮನಿಗೆ ಲಸಿಕೆ ಬೇಡವಾಗಿರಲಿಲ್ಲ, ಸಿಕ್ಕಿರಲಿಲ್ಲ. ಸಿಕ್ಕಿದ್ದರೆ, ಬೂದಿಯ ಪಕ್ಕದಲ್ಲಿಯೇ ಅದನ್ನೂ ಇಡುತ್ತಿದ್ದಳು. ಅವಳು ಹಟಮಾರಿಯಾಗಿರಲಿಲ್ಲ.

ಆದರೆ ಲಸಿಕೆ ಹಾಕಿಸಿ ಎಂದು ಉಪದೇಶಿಸಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ಹಿತ್ತಲ ಕೋಳಿಗಳಿಗೆ ಲಸಿಕೆ ತಲಪದಿರುವುದಕ್ಕೆ ಜನರ ಮೌಢ್ಯವೊಂದೇ ಕಾರಣವೆನ್ನುವುದು ಪಟ್ಟಣದವರ ಸುಲಭದ ತೀರ್ಪು. ನಿಜವಾದ ತೊಡಕು ಸೀಸೆಯಲ್ಲಿದೆ. ಲಸಿಕೆಯ ಒಂದು ಸೀಸೆಯಲ್ಲಿ ಸಾಮಾನ್ಯವಾಗಿ ೧೦೦ ಕೋಳಿಗಳಿಗಾಗುವಷ್ಟು ಇರುತ್ತದೆ. ಬಳಸುವ ತನಕ ಅದನ್ನು ೨ರಿಂದ ೮ ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ದ್ರಾವಣ ಕಲಸಿದ ಮೇಲೆ ಸುಮಾರು ಎರಡು ಗಂಟೆಯೊಳಗೆ ಮುಗಿಸಬೇಕು. ಉಳಿದದ್ದನ್ನು ನಾಳೆಗೆಂದು ಇಡುವಂತಿಲ್ಲ. ದೊಡ್ಡ ಕೋಳಿ ಫಾರಂಗಳಿಗೆ ಇದು ಕಷ್ಟವಲ್ಲ. ಎಂಟು ಕೋಳಿಯ ಹೆಂಗಸು ನೂರು ಕೋಳಿಯ ಸೀಸೆ ತಂದು ಏನು ಮಾಡಬೇಕು? ಒಂದು ಮನೆಯಿಂದ ಇದು ಆಗದ ಕೆಲಸ. ಒಂದು ಬೀದಿ ಸೇರಿದರೆ ಆಗುವ ಕೆಲಸ.

ಆದ್ದರಿಂದ ೨೦೧೭ರಿಂದ ನಮ್ಮ ಬೀದಿಯಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ನನ್ನ ಬಳಿ ಎಂಟನೆಯ ತರಗತಿಯಲ್ಲಿ ಓದಿದ ಹುಡುಗಿಯೊಬ್ಬಳು ಈಗ ಪಶುವೈದ್ಯೆ. ಅವಳ ಸಲಹೆಯಂತೆ ಮೊದಲು ಮನೆಮನೆಯ ಕೋಳಿಗಳನ್ನು ಎಣಿಸಿದೆವು. ಮೊದಲ ಸಲ ಒಂಬತ್ತು ಮನೆ, ತೊಂಬತ್ತಮೂರು ಕೋಳಿ. ನಿಗದಿಯಾದ ದಿನ ನಸುಕಿನಲ್ಲಿ ಗೂಡಿನ ಬಾಗಿಲು ತೆಗೆಯದೆ, ಕೋಳಿಗಳನ್ನು ಮಂಕರಿಯಲ್ಲಿಯೇ ಹಿಡಿದಿಡುತ್ತಾರೆ. ಹಗಲಾಗಿ ಬಿಟ್ಟರೆ ಅವನ್ನು ಹಿಡಿಯುವುದರಲ್ಲಿಯೇ ಎರಡು ಗಂಟೆ ಕಳೆದುಹೋಗುತ್ತದೆ. ಲಸಿಕೆ ಥರ್ಮಾಸಿನಲ್ಲಿ ಮಂಜುಗಡ್ಡೆಯ ಜೊತೆ ಬರುತ್ತದೆ. ಹಳೆಯ ಹಾಜರಿ ಪುಸ್ತಕವೊಂದರಲ್ಲಿ ನಾನು ಮನೆವಾರು ಲೆಕ್ಕ ಬರೆಯುತ್ತೇನೆ. ಐದರಿಂದ ಏಳು ದಿನದ ಮರಿಗೆ ಕಣ್ಣಿಗೋ ಮೂಗಿಗೋ ಒಂದು ಹನಿ. ಸುಮಾರು ನಾಲ್ಕನೆಯ ವಾರದಲ್ಲಿ ಅದೇ ಬಗೆಯ ಲಸಿಕೆ ಇನ್ನೊಮ್ಮೆ. ಎಂಟು ವಾರ ತುಂಬಿದ ಮೇಲೆ ರೆಕ್ಕೆಯ ಬಳಿ ಚರ್ಮದಡಿಗೆ ಚುಚ್ಚುಮದ್ದು. ಆಮೇಲೆ ವೈದ್ಯೆ ಹೇಳಿದ ಕಾಲಕ್ಕೆ ಮತ್ತೆ. ಆರೋಗ್ಯವಾಗಿರುವ ಕೋಳಿಗೆ ಮಾತ್ರ ಹಾಕಿಸಬೇಕು. ಹಾಕಿಸಿದ ಮರುದಿನವೇ ರಕ್ಷಣೆ ಬಂತೆಂದು ತಿಳಿಯಬಾರದು. ಮೈಗೆ ಹತ್ತಲು ಒಂದೆರಡು ವಾರ ಬೇಕು. ಹಾಗಾಗಿ ರೋಗ ಊರಿಗೆ ಬಂದ ಮೇಲೆ ಓಡಾಡಿ ಪ್ರಯೋಜನವಿಲ್ಲ, ಶಿವರಾತ್ರಿಗೆ ಮೊದಲೇ ಮುಗಿಸುತ್ತೇವೆ. ೨೦೧೯ರಲ್ಲಿ ಪಕ್ಕದ ಊರಿಗೆ ಮತ್ತೆ ಬೇನೆ ಬಂದಾಗ ನಮ್ಮ ಬೀದಿಯಲ್ಲಿ ಸತ್ತದ್ದು ಮೂರು. ಮೂರೂ ಲಸಿಕೆಯಾಗದ ಮರಿಗಳು. ಪ್ರತಿಯೊಂದು ಗ್ರಾಮ ಪಂಚಾಯಿತಿಯೂ ವರ್ಷಕ್ಕೆ ಇಂತಹ ಒಂದೆರಡು ದಿನಗಳನ್ನು ಗೊತ್ತುಮಾಡುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಹಳ್ಳಿಯ ಬಡ ಹೆಂಗಸರ ಕೈಯ ಹಣವನ್ನು ಉಳಿಸುವ ಇಷ್ಟು ಅಗ್ಗದ ಕಾರ್ಯಕ್ರಮ ಇನ್ನೊಂದಿರಲಾರದು.

ಇನ್ನೆರಡು ಮಾತು. ಸಂತೆಯಿಂದ ತಂದ ಕೋಳಿಯನ್ನು ಮನೆ ಹತ್ತಲೆಂದು ಕಾಲಿಗೆ ದಾರ ಕಟ್ಟಿ ಅಂಗಳದಲ್ಲಿಡುವ ವಾಡಿಕೆ ನಮ್ಮಲ್ಲಿದೆ. ಅದೇ ದಾರವನ್ನು ಇತರ ಕೋಳಿಗಳಿಂದ ದೂರದಲ್ಲಿ, ಬೇರೆ ನೀರು ಕಾಳು ಕೊಟ್ಟು, ಎರಡು ಮೂರು ವಾರ ಕಟ್ಟಿದರೆ ಹಳೆಯ ವಾಡಿಕೆಯೇ ಹೊಸ ರಕ್ಷಣೆಯಾಗುತ್ತದೆ. ಹಾಗೆಯೇ, ಕೋಳಿಗಳು ಇದ್ದಕ್ಕಿದ್ದಂತೆ ಗುಂಪಾಗಿ ಸಾಯತೊಡಗಿದರೆ ಉಳಿದವನ್ನು ಸಂತೆಗೆ ಸಾಗಿಸಬೇಡಿ, ಸತ್ತವನ್ನು ಕೆರೆಗೋ ಹಳ್ಳಕ್ಕೋ ಎಸೆಯಬೇಡಿ. ಮೊದಲು ಪಶು ಆಸ್ಪತ್ರೆಗೆ ತಿಳಿಸಿ, ಅವರು ಹೇಳಿದಂತೆ ಹೂಳಿ. ೨೦೦೬ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ನಮ್ಮ ದೇಶಕ್ಕೆ ಮೊದಲು ಕಾಲಿಟ್ಟ ಹಕ್ಕಿಜ್ವರವೂ ಹೊರನೋಟಕ್ಕೆ ಕೊಕ್ಕರೆ ರೋಗದಂತೆಯೇ ಕಾಣುತ್ತದೆ. ಅದು ಮನುಷ್ಯರಿಗೂ ತಗಲಬಲ್ಲದು. ಎರಡರ ನಡುವಿನ ವ್ಯತ್ಯಾಸವನ್ನು ಪ್ರಯೋಗಶಾಲೆ ಹೇಳಬೇಕೇ ಹೊರತು ನಮ್ಮ ಜಗುಲಿಯಲ್ಲ.

ಈಗ ನನ್ನ ವಿದ್ಯಾರ್ಥಿಗೆ: ಅಪ್ಪಾ, ನಿನ್ನ ಹಿತ್ತಲಲ್ಲಿ ಬೂದಿಯ ಗುಂಡಿ ಇರಲಿ, ಬೇವಿನ ಮರವಿರಲಿ, ನುಗ್ಗೆಯಿರಲಿ, ಗೆದ್ದಲ ಮಡಕೆಯೂ ಇರಲಿ. ಅಂಗಡಿಯವನು ಕೊಡುವ ಪುಡಿಯನ್ನು ವೈದ್ಯರು ಹೇಳದೆ ಮುಟ್ಟಬೇಡ. ಅಲ್ಲಿಯ ತನಕ ನಿನ್ನ ತೀರ್ಮಾನಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ನಿನ್ನ ಇಪ್ಪತ್ತು ಕೋಳಿಗಳ ಜೊತೆಗೆ ಅಕ್ಕಪಕ್ಕದ ಎಂಬತ್ತು ಕೋಳಿಗಳನ್ನು ಎಣಿಸಿಕೊಂಡು ಪಶು ಆಸ್ಪತ್ರೆಗೆ ಹೋಗು. ನೀನು ಓದಿದವನು, ಪಟ್ಟಣದಿಂದ ಬಂದವನು. ನೀನು ಬೇಡವೆಂದರೆ ನಿನ್ನ ಬೀದಿಯವರೂ ಬೇಡವೆನ್ನುತ್ತಾರೆ. ನಷ್ಟವಾದರೆ ನಿನಗೆ ಹೋಗುವುದು ಒಂದು ಹವ್ಯಾಸ. ಅವರಿಗೆ ಹೋಗುವುದು ಮಕ್ಕಳ ಶುಲ್ಕ.

ಕೆಳಮನೆಯ ಅಕ್ಕನ ಮೊಮ್ಮಗಳು ಓದು ಮುಗಿಸಿ ಈಗ ಹಾಸನದಲ್ಲಿ ಕೆಲಸದಲ್ಲಿದ್ದಾಳೆ. ಅಕ್ಕನ ಗೂಡಿನಲ್ಲಿ ಮತ್ತೆ ಕೋಳಿಗಳು ತುಂಬಿವೆ. ನನ್ನಲ್ಲಿ ಉಳಿದಿದ್ದ ಆ ಸೊಟ್ಟಗತ್ತಿನ ಹೇಂಟೆ ಇನ್ನೂ ಎರಡು ವರ್ಷ ಬದುಕಿತ್ತು. ಪ್ರತಿವರ್ಷ ಸಂಕ್ರಾಂತಿ ಕಳೆಯುತ್ತಲೇ ಅಕ್ಕ ನಮ್ಮ ಬಾಗಿಲಿಗೆ ಬಂದು, "ಮೇಷ್ಟ್ರೇ, ಈ ಸಲ ಸೂಜಿಯೋರು ಯಾವತ್ತು ಬತ್ತಾರೆ?" ಎಂದು ಕೇಳುತ್ತಾರೆ. ನಾನು ಹಾಜರಿ ಪುಸ್ತಕ ತೆಗೆದು ತಾರೀಖು ಹೇಳುತ್ತೇನೆ. ಹಳೆಯ ಮಾತನ್ನು ಅವರು ಎಂದೂ ಎತ್ತಿಲ್ಲ.